ತಿರುಪತಿಗೆ ಹೋಗದ ಗಂಡ ಹೆಂಡತಿ

2025ರ ಫೆಬ್ರವರಿ 15, ಶನಿವಾರ. ಸಂಜೆ 6.40ಕ್ಕೆ ಹಲಸೂರಿನ ಠಾಣೆಯ ಬಾಗಿಲಿಗೆ ಮೂವತ್ತೆರಡರ ಆಸುಪಾಸಿನ ಗಂಡಸೊಬ್ಬ ಬಂದು ನಿಂತ. ಮೈಮೇಲೆ ಮಡಿಕೆಯ ಗೆರೆ ಇನ್ನೂ ಅಳಿಯದ ಹೊಸ ಶರ್ಟು. ಕಾಲಲ್ಲಿ, ರೂಮಿನೊಳಗೆ ಹಾಕಿಕೊಳ್ಳಲೆಂದು ಹೋಟೆಲಿನವರು ಕೊಡುವ ತೆಳುವಾದ ಬಿಳಿ ಚಪ್ಪಲಿ. ಅದರಲ್ಲೇ ರಸ್ತೆ ದಾಟಿ ಓಡಿ ಬಂದಿದ್ದ. ಪಹರೆಯಲ್ಲಿದ್ದ ಕಾನ್‌ಸ್ಟೆಬಲ್ ಆದಿಲ್ ಅವನನ್ನು ಒಳಗೆ ಕರೆದು, ನೀರು ಕೊಟ್ಟು, ಇನ್ಸ್‌ಪೆಕ್ಟರ್ ಸುಗತನ ಮುಂದೆ ಕೂರಿಸಿದ.

"ಹೆಂಡ್ತಿ ಕಾಣ್ತಿಲ್ಲ ಸರ್," ಎಂದ ಅವನು.

"ನಿಮ್ಮ ಹೆಸರು?"

"ಕಿರಣಕುಮಾರ. ಲಿಫ್ಟ್ ಮೆಕ್ಯಾನಿಕ್ ಇದೀನಿ. ಕೆ.ಆರ್. ಪುರದಾಗ ಮನಿ. ಊರು ಕಲಬುರಗಿ ಕಡಿ."

"ಹೆಂಡ್ತಿ?"

"ನಾಗರತ್ನಾ. ಇಪ್ಪತ್ತೇಳು ವರ್ಷ."

"ಎಲ್ಲಿಂದ ಕಾಣೆ? ಮನೆಯಿಂದಾನಾ?"

"ಇಲ್ರಿ ಸರ್. ಇಲ್ಲೇ, ಕೆರಿ ಹತ್ರದ ಹೋಟೆಲ್‌ನಿಂದ."

ಸುಗತ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. ಕೆ.ಆರ್. ಪುರದಲ್ಲಿ ಮನೆ ಇರುವವನು ಹತ್ತು ಹನ್ನೆರಡು ಕಿಲೋಮೀಟರ್ ಆಚೆಯ ಹಲಸೂರಿನಲ್ಲಿ ಸ್ವಂತ ಹೆಂಡತಿಯ ಜೊತೆ ರೂಮು ಹಿಡಿದಿದ್ದಾನೆ ಎಂದರೆ ಪೊಲೀಸನ ತಲೆಗೆ ಮೊದಲು ಬರುವ ವಿಚಾರ ಒಳ್ಳೆಯದಲ್ಲ. ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಜಯಮಾಲಾಳಿಗೂ ಅದೇ ಹೊಳೆಯಿತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

ಕಿರಣಕುಮಾರ ತಡವರಿಸುತ್ತ ಹೇಳಿದ್ದು ಇಷ್ಟು. ಮದುವೆಯಾದದ್ದು 2020ರ ಫೆಬ್ರವರಿ 16ರಂದು. ಮಾರ್ಚ್ ಕೊನೆಗೆ ಊಟಿಗೆ ಟಿಕೆಟ್ ಮಾಡಿಸಿದ್ದ, ಅಷ್ಟರಲ್ಲಿ ಲಾಕ್‌ಡೌನ್ ಬಂತು. ಆಮೇಲೆ ಕೆಲಸ ಹುಡುಕಿ ಬೆಂಗಳೂರಿಗೆ ಬಂದರು. ಅಪ್ಪ, ಅವ್ವ, ತಮ್ಮ ಎಲ್ಲರೂ ಜೊತೆಗೇ. ಒಂದು ರೂಮು, ಒಂದು ಅಡುಗೆಮನೆ, ಐದು ಜನ. ಗಂಡ ಹೆಂಡತಿ ಜಗಳ ಆಡಬೇಕೆಂದರೂ ಮೆಟ್ಟಿಲಿನ ಮೇಲೆ ಹೋಗಿ ಪಿಸುದನಿಯಲ್ಲಿ ಆಡಬೇಕಾದ ಮನೆ ಅದು. ಐದನೇ ವರ್ಷಕ್ಕಾದರೂ ಎರಡು ದಿನ ಇಬ್ಬರೇ ಇರೋಣ, ಕೆರೆಯ ದಂಡೆಯಲ್ಲಿ ಓಡಾಡೋಣ, ಎಂ.ಜಿ. ರೋಡು ನೋಡೋಣ ಎಂದುಕೊಂಡರು. ಆದರೆ ಅವ್ವನ ಎದುರು ನಿಂತು 'ನಾವಿಬ್ಬರೂ ಹೋಟೆಲಿಗೆ ಹೋಗ್ತೀವಿ' ಎನ್ನುವುದು ಹೇಗೆ? ತಿರುಪತಿಗೆ ಹೋಗುತ್ತೇವೆ ಎಂದರು. ದೇವರ ಹೆಸರು ಹೇಳಿದರೆ ಯಾವ ತಾಯಿ ಬೇಡ ಎನ್ನುತ್ತಾಳೆ?

"ಶುಕ್ರವಾರ ನೈಟ್ ಶಿಫ್ಟ್ ಇತ್ತು. ಇವತ್ತು ಮುಂಜಾನೆ ಹತ್ತೂವರೆಗೆ ರೂಮಿಗೆ ಬಂದ್ವಿ. ಆಕಿ ಒಂದು ತಾಸು ಮಲ್ಕೋರಿ ಅಂದಳು. ಮಲ್ಕೊಂಡೆ. ಎಚ್ಚರ ಆದಾಗ ನಾಲ್ಕೂವರಿ," ಎಂದ ಕಿರಣಕುಮಾರ. "ಐದು ವರ್ಷಕ್ಕ ಒಮ್ಮೆ ಬಂದು ನಾನು ನಿದ್ದಿ ಹೊಡದೆ ಸರ್."

ಅವನ ಮೊಬೈಲಿನಲ್ಲಿ 12.48ಕ್ಕೆ ಬಂದ ಹೆಂಡತಿಯ ಸಂದೇಶವಿತ್ತು. 'ಸ್ವಲ್ಪ ಕೆಲಸ ಅದ. ನಾಲ್ಕಕ್ಕೆ ಬರ್ತೀನಿ. ಎದ್ದ ಮೇಲೆ ಕೆರಿಗೆ ಹೋಗೋಣ.' ಅದಾದ ಮೇಲೆ ಫೋನು ಸ್ವಿಚ್ ಆಫ್.

"ಜಗಳ ಏನಾದ್ರೂ?"

"ಇಲ್ಲ ಸರ್."

"ಬೇರೆ ಯಾರ ಜೊತೆನಾದ್ರೂ..."

"ಇಲ್ಲ ಸರ್!" ಅವನ ದನಿ ಏರಿತು, ಆಮೇಲೆ ಕುಸಿಯಿತು. ಜೇಬಿನಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಆಕಿಗೆ ಫಿಟ್ಸ್ ಅದ. ಬೆಳಿಗ್ಗೆ ಒಂಬತ್ತಕ್ಕ ಒಂದು, ರಾತ್ರಿ ಒಂಬತ್ತಕ್ಕ ಒಂದು. ಪಟ್ಟಿ ರೂಮಿನಾಗೇ ಬಿಟ್ಟು ಹೋಗ್ಯಾಳ. ಮೂರು ವರ್ಷದ ಹಿಂದ ಎರಡು ಹೊತ್ತು ತಪ್ಪಿ ಎರಡು ದಿನ ಐಸಿಯುದಾಗ ಇದ್ದಳು. ಇನ್ನೊಮ್ಮೆ ಹಿಂಗಾದ್ರ ಕೈಗೆ ಸಿಗಂಗಿಲ್ಲ ಅಂದಿದ್ರು ಡಾಕ್ಟ್ರು."

ಜಯಮಾಲಾ ಗೋಡೆಯ ಗಡಿಯಾರ ನೋಡಿದಳು. ಏಳು ದಾಟಿತ್ತು. ಅಲ್ಲಿಯವರೆಗೆ ಇದು ಠಾಣೆಯ ಪಾಲಿಗೆ ಇನ್ನೊಂದು 'ಮಹಿಳೆ ಕಾಣೆ' ಪ್ರಕರಣವಾಗಿತ್ತು. ಈಗ ಅದಕ್ಕೊಂದು ಗಡುವು ಸೇರಿಕೊಂಡಿತು.

ಏಳು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು. ಹೋಟೆಲಿನ ರೂಮಿನಲ್ಲಿ ಪಂಚನಾಮೆ ನಡೆಯಿತು. ಹಾಸಿಗೆ ಒಂದು ಬದಿ ಮಾತ್ರ ಕದಡಿತ್ತು. ಬ್ಯಾಗಿನಲ್ಲಿ ಬಟ್ಟೆ, ಬೆಣ್ಣೆ ಕಾಗದದಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಹೋಟೆಲಿನ ಊಟ ಹೇಗಿರುತ್ತದೋ ಎಂದು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು. ಕ್ಯಾಮೆರಾದಲ್ಲಿ ನಾಗರತ್ನಾ 11.52ಕ್ಕೆ ಒಬ್ಬಳೇ ಹೊರಗೆ ಹೋಗಿದ್ದು ಕಾಣಿಸಿತು. ಗಿಳಿಹಸಿರು ಸೀರೆ, ಹೆಗಲಿಗೆ ಪರ್ಸು. ಕಿರಣಕುಮಾರ ಸಂಜೆ ಐದರವರೆಗೆ ಹೊರಬಂದಿರಲಿಲ್ಲ.

"ಮನೆಗೆ ಫೋನ್ ಮಾಡಿ ಕೇಳಿದ್ರಾ?" ಎಂದು ಸುಗತ ಕೇಳಿದ.

"ಕೇಳೀನಿ ಸರ್. ಅಲ್ಲಿಗೆ ಹೋಗಿಲ್ಲ. ಅವ್ವಗ ಮಾತ್ರ ಏನೂ ಹೇಳಬ್ಯಾಡ್ರಿ, ಕಾಲು ಹಿಡ್ಕೋತೀನಿ."

ಎಂಟೂವರೆಗೆ ಎಲ್ಲ ಠಾಣೆಗಳಿಗೆ, ಆಸ್ಪತ್ರೆಗಳಿಗೆ ಪ್ರಕಟಣೆ ಹೋಯಿತು. 'ಎತ್ತರ ಐದು ಅಡಿ ಎರಡು ಇಂಚು, ಗೋಧಿ ಬಣ್ಣ, ಗಿಳಿಹಸಿರು ಸೀರೆ, ಕೊರಳಲ್ಲಿ ಎರಡೆಳೆ ಕರಿಮಣಿಯ ತಾಳಿ.' ಗಂಡ ಹೇಳಿದಂತೆಯೇ ಬರೆದಿದ್ದರು. ಅನಾಮಧೇಯ ಗಾಯಾಳುಗಳ ಪಟ್ಟಿಯನ್ನೂ ತರಿಸಿ ನೋಡಿದರು. ಅಂಥವಳು ಯಾರೂ ಇರಲಿಲ್ಲ. ರಾತ್ರಿ ಒಂಬತ್ತರ ಮಾತ್ರೆ ಪಟ್ಟಿಯಲ್ಲೇ ಉಳಿಯಿತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಫೋನಿನ ಕೊನೆಯ ಟವರಿನ ವಿವರವಷ್ಟೇ ಬಂತು. ನಾಗರತ್ನಾಳ ಮೊಬೈಲು ಕೊನೆಯ ಸಲ ಮಧ್ಯಾಹ್ನ 1.34ಕ್ಕೆ ಇಂದಿರಾನಗರದ ಟವರಿನಲ್ಲಿ ಸಿಕ್ಕಿ ಅಲ್ಲೇ ಆಫ್ ಆಗಿತ್ತು. ಅಂದರೆ ಹೋಟೆಲು ದಾಟಿ ಪೂರ್ವಕ್ಕೆ. ಅದು ಕೆ.ಆರ್. ಪುರದ ದಿಕ್ಕು.

"ಮನೆ ಕಡೆಗೇ ಹೋಗಿದಾಳೆ," ಎಂದ ಸುಗತ. "ಮನೆಯವರನ್ನ ನಾವೇ ನೋಡೋಣ. ಇವನ ಅವ್ವನ ಮರ್ಯಾದೆ ಕಾಯೋಕೆ ನಮಗೆ ಟೈಮಿಲ್ಲ."

ಕಿರಣಕುಮಾರ ಜೀಪಿನಲ್ಲಿ ಹಿಂದೆ ಕೂತಿದ್ದ. ಕೆ.ಆರ್. ಪುರಕ್ಕೆ ಮುಂಚೆ ಸಿಗುವ ಟಿನ್ ಫ್ಯಾಕ್ಟರಿ ನಿಲ್ದಾಣ ದಾಟುವಾಗ ಒಂಬತ್ತು ಗಂಟೆಯಾಯಿತು. ಜೇಬಿನ ಮೇಲೆ ಕೈ ಇಟ್ಟುಕೊಂಡ. ಬೆಳಗಿನ ಮಾತ್ರೆಯ ಹೊತ್ತು.

ಅವನ ತಾಯಿ ಭೀಮಬಾಯಿ ಮನೆ ಮುಂದೆ ಪಾತ್ರೆ ತಿಕ್ಕುತ್ತಿದ್ದಳು. ಪೊಲೀಸರನ್ನು, ಅವರ ಹಿಂದೆ ಮಗನನ್ನು ಕಂಡು ಎದ್ದು ನಿಂತಳು.

"ನೀ ತಿರುಪತಿಗಿ ಹೋಗಿಲ್ಲೇನೋ? ನಿನ್ನೆ ಸಂಜಿಗಿ ಫೋನ್ ಮಾಡಿ ಮುಟ್ಟೀವಿ ಅಂದೆಲ್ಲ?"

ಮಗ ಮನೆಗೆ ಮಾಡಿದ ಫೋನು ಅದು! ಹೆಂಡತಿ ಬಂದಿದ್ದಾಳಾ ಎಂದು ಬಾಯಿಬಿಟ್ಟು ಕೇಳಿಯೇ ಇರಲಿಲ್ಲ. ತಿರುಪತಿ ತಲುಪಿದ್ದೇವೆ ಎಂದು ಹೇಳಿ, ಅವ್ವ ಸೊಸೆಯ ಮಾತು ಎತ್ತದ್ದರಿಂದ ಅವಳು ಮನೆಯಲ್ಲಿಲ್ಲ ಎಂದು ತಾನೇ ತಿಳಿದುಕೊಂಡಿದ್ದ. ಸುಗತನ ಕೈ ಅವನ ಕೆನ್ನೆಗೆ ಹೋಗದಿದ್ದದ್ದು ಪುಣ್ಯ. ಜಯಮಾಲಾ ಅಡ್ಡ ಬಂದು, ಮುಚ್ಚುಮರೆಯಿಲ್ಲದೆ ನಡೆದದ್ದೆಲ್ಲ ಮುದುಕಿಗೆ ಹೇಳಿದಳು.

ಭೀಮಬಾಯಿ ಕೈಯ ಬೂದಿಯನ್ನೂ ತೊಳೆಯದೆ ಕೇಳಿದಳು. ಅವಳು ಮಗನನ್ನು ಬೈಯುತ್ತಾಳೆ ಎಂದು ಎಲ್ಲರೂ ಕಾದರು.

"ನನಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?" ಎಂದಳು. "ನಾನೂ ಲಗ್ನ ಆದಾಕಿನೇ ಅಲ್ಲೇನು?"

"ಅಮ್ಮ, ನಿಮ್ಮ ಸೊಸೆ ಎಲ್ಲಿಗೆ ಹೋಗಿರಬಹುದು? ಏನೋ ಕೆಲಸ ಇದೆ ಅಂತ ಮೆಸೇಜ್ ಮಾಡಿದಾಳೆ," ಎಂದು ಜಯಮಾಲಾ ಕೇಳಿದಳು.

"ಮತ್ತೇನ್ ಕೆಲಸ? ತಾಳಿ ಪೋಣಸಾಕ ಹೋಗಿರ್ತಾಳ. ದಾರ ಸವದು ಇವತ್ತೋ ನಾಳಿಗೋ ಅನ್ನೂ ಹಂಗ ಇತ್ತು. ದೇವರ ಮುಂದ ಹರಕ ದಾರದಾಗ ನಿಂದರಬ್ಯಾಡ, ಶಿವಾಜಿನಗರದಾಗ ಮಂಜೂರ್ ಸಾಬ ಅದಾನ, ಗಾಡಿ ಹತ್ತೂ ಮುಂಚೆ ಪೋಣಸ್ಕೊ ಅಂತ ನಾನೇ ಹೇಳೀನಿ. ಅಲ್ಲಿತನಕ ಬರಿ ಕೊಳ್ಳಾಗ ಇರಬಾರದಂತ ಅರಿಷಿಣ ಕೊಂಬು ದಾರಕ್ಕ ಕಟ್ಟಿ ಕೊಟ್ಟೀನಿ."

ಜಯಮಾಲಾ ಸುಗತನ ಕಡೆ ತಿರುಗಿದಳು. "ಸರ್, ಕೊರಳಲ್ಲಿ ಕರಿಮಣಿ ಅಂತ ಊರಿಗೆಲ್ಲ ಪ್ರಕಟಣೆ ಕಳಿಸಿದೀವಿ. ಅವಳ ಕೊರಳಲ್ಲಿ ಇರೋದು ಅರಿಶಿನದ ಕೊಂಬು."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು. ಒಂದು ಸುಳ್ಳನ್ನು ಕಾಯಲು ಹೋಗಿ ಹದಿನಾಲ್ಕು ಗಂಟೆ ಕಳೆದುಹೋಗಿದ್ದವು. ಕಿರಣಕುಮಾರ ಮೆಟ್ಟಿಲಿನ ಮೇಲೆ ಕೂತು ಅಳತೊಡಗಿದ. ಭೀಮಬಾಯಿ ಅವನ ಹೆಗಲು ಹಿಡಿದು ಎಬ್ಬಿಸಿ ಜೀಪಿನ ಕಡೆ ತಳ್ಳಿದಳು.

10.40ಕ್ಕೆ ಶಿವಾಜಿನಗರ. ಮಂಜೂರನ ಅಂಗಡಿ ಎಂದರೆ ಎರಡು ಚಿನ್ನದಂಗಡಿಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಸಂದು. ಎಪ್ಪತ್ತು ದಾಟಿದ ಮುದುಕ ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಮಣಿ ಪೋಣಿಸುತ್ತಿದ್ದ. ಆದಿಲ್ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಫೋಟೋ ತೋರಿಸಿ, ಈ ಹುಡುಗಿ ನಿನ್ನೆ ಬಂದಿದ್ದಳೇ ಎಂದು ಉರ್ದುವಿನಲ್ಲಿ ಕೇಳಿದ.

"ಚಾಚಾ, ಯೇ ಬಚ್ಚೀ ಕಲ್ ಆಯೀ ಥೀ ಕ್ಯಾ?"

"ಹೌದು, ಬಂದಿತ್ತು ಬೇಟಿ," ಎಂದು ಮಂಜೂರ್ ಜಯಮಾಲಾಳನ್ನು ನೋಡಿ ಕನ್ನಡಕ್ಕೆ ತಿರುಗಿದ. "ಹನ್ನೆರಡೂವರೆ ಇರ್ಬೇಕು. ಮೂರೂವರೆಗೆ ಬಾ ಅಂದೆ. ಬರ್ಲಿಲ್ಲ. ಮಾಲು ಇಲ್ಲೇ ಇದೆ."

"ಅರಿಶಿನ ಕಟ್ಕೊಂಡಿದ್ಲಾ?" ಎಂದು ಜಯಮಾಲಾ ಕೇಳಿದಳು.

"ಕಟ್ಕೊಂಡ್ಲು. ಇಲ್ಲಿ ಬರೋ ಹೆಣ್ಮಕ್ಕಳು ಎಲ್ಲಾ ಹಾಗೇ. ತಾಳಿ ತೆಗೆಯೋ ಟೈಮಲ್ಲಿ ನಾನು ಗೋಡೆ ಕಡೆ ತಿರುಗಿಬಿಡ್ತೀನಿ. ಐವತ್ತು ವರ್ಷದಿಂದ ಹಾಗೇ." ಮುದುಕ ಡಬ್ಬಿಯಿಂದ ಹೊಸ ದಾರದಲ್ಲಿ ಪೋಣಿಸಿದ ತಾಳಿಯನ್ನು ತೆಗೆದ. "ಗಂಡನಿಗೆ ವಾಚ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ಲು. ಬಸ್ ಸ್ಟ್ಯಾಂಡ್ ಹಿಂದೆ ಹೋಗು ಅಂದೆ. ಅವಳಿಗೆ ಏನಾದ್ರೂ ಆಯ್ತಾ ಸಾಬ್?"

ಬಸ್ ನಿಲ್ದಾಣದ ಹಿಂದಿನ ತಿರುವಿನಲ್ಲಿ ಆಟೋ ನಿಲ್ಲುವ ಜಾಗ. ಮೂರನೇ ಆಟೋದವನ ಹೆಸರು ವಕಾರ್. ಅವನಿಗೆ ಫೋಟೋ ತೋರಿಸುವ ಮೊದಲೇ ಎಲ್ಲ ನೆನಪಿತ್ತು.

"ಗ್ರೀನ್ ಸೀರೆ ತಾನೆ? ನಿನ್ನೆ ಒಂದು ಗಂಟೆಗೆ ಇಲ್ಲೇ ಕಾರ್ ಹೊಡೀತು ಸಾರ್. ವೈಟ್ ಕಾರು, ದೊಡ್ಡದು. ತಲೆಗೆ ಪೆಟ್ಟು, ಕಾಲು ಹೀಗೆ ಸೊಟ್ಟ."

"ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಅವ್ರೇ ಎತ್ಕೊಂಡ್ ಹೋದ್ರಲ್ಲ ಸಾರ್! ಡ್ರೈವರ್ ಇಳಿದ. ಹಿಂದಿನ ಸೀಟಿಂದ ಒಂದಮ್ಮ ಇಳಿದ್ರು. ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀವಿ ಅಂದ್ರು. ಆ ಅಮ್ಮನೇ ತಲೆ ತೊಡೆ ಮೇಲೆ ಇಟ್ಕೊಂಡ್ರು. ದೊಡ್ಡೋರು, ಒಳ್ಳೆಯವರು ಅನ್ಕೊಂಡ್ವಿ. ನಂಬರ್ ಯಾರು ನೋಡ್ತಾರೆ?"

ಕಿರಣಕುಮಾರ ಆಟೋದ ಕಂಬಿ ಹಿಡಿದು ನಿಂತಿದ್ದ. ಅವನಿಗೆ ಏನನ್ನಿಸಬೇಕೋ ತಿಳಿಯುತ್ತಿರಲಿಲ್ಲ. ಹೆಂಡತಿ ತನ್ನನ್ನು ಬಿಟ್ಟು ಹೋಗಿಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ಅವಳ ತಲೆ ಒಡೆದಿದೆ ಎಂದೂ ಗೊತ್ತಾಗಿತ್ತು.

ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಇಂದಿರಾನಗರದ ಸುತ್ತಮುತ್ತಲಿನ ದೊಡ್ಡ ಆಸ್ಪತ್ರೆಗಳನ್ನೆಲ್ಲ ಜಾಲಾಡಿದರು. ದೊಡ್ಡ ಕಾರಿನವರು ದೊಡ್ಡ ಆಸ್ಪತ್ರೆಗೇ ಹೋಗಿರುತ್ತಾರೆ ಎಂಬುದು ಸುಗತನ ಲೆಕ್ಕ. ಶನಿವಾರ ಮಧ್ಯಾಹ್ನ ರಸ್ತೆ ಅಪಘಾತದಲ್ಲಿ ಗಾಯಗೊಂಡ ಹೆಂಗಸು ಎಲ್ಲೂ ದಾಖಲಾಗಿರಲಿಲ್ಲ. ಎರಡು ಹೊತ್ತಿನ ಮಾತ್ರೆ ತಪ್ಪಿತ್ತು. ಮೂರನೆಯದಕ್ಕೆ ಏಳೂವರೆ ಗಂಟೆ ಉಳಿದಿತ್ತು. ಕಾರಿನವರು ದಾರಿಯಲ್ಲೇ ಹೆದರಿ ಅವಳನ್ನು ಎಲ್ಲಾದರೂ ಇಳಿಸಿಬಿಟ್ಟಿದ್ದರೆ ಎಂಬ ಯೋಚನೆ ಸುಗತನನ್ನು ಬಿಡಲಿಲ್ಲ.

ಜಯಮಾಲಾ ವಕಾರನಿಗೆ ಮತ್ತೆ ಫೋನು ಮಾಡಿದಳು. ಒಂದೇ ಪ್ರಶ್ನೆ.

"ಆ ಅಮ್ಮನ ಕಾಲಲ್ಲಿ ಏನಿತ್ತು?"

"ಕಾಲಲ್ಲಾ? ಹವಾಯಿ ಚಪ್ಪಲಿ ಮೇಡಂ. ಒಂದು ಅಲ್ಲೇ ಬಿದ್ದೋಗಿತ್ತು, ನಾನೇ ಎತ್ತಿ ಕಾರೊಳಗೆ ಹಾಕ್ದೆ. ಸವೆದಿತ್ತು ಪಾಪ."

ಅವಳು ಫೋನು ಇಟ್ಟಳು. "ಸರ್, ಅದು ಕಾರಿನ ಯಜಮಾನಿ ಅಲ್ಲ. ಅಂಥ ಕಾರಿನ ಹಿಂದಿನ ಸೀಟಲ್ಲಿ ಸವೆದ ಹವಾಯಿ ಹಾಕ್ಕೊಂಡು ಯಾರು ಕೂರ್ತಾರೆ? ನಮ್ಮಂಥೋರು ಯಾರೋ. ನಮ್ಮಂಥೋರು ದೊಡ್ಡ ಆಸ್ಪತ್ರೆ ಬಾಗಿಲಿಗೇ ಹೋಗಲ್ಲ."

ಸುಗತ ತಲೆಯಾಡಿಸಿದ. "ಆಕ್ಸಿಡೆಂಟ್ ಅಂತಾನೂ ಹೇಳಿರಲ್ಲ. ಹೆಸರೂ ನಿಜ ಹೇಳಿರಲ್ಲ."

"ಹೆಸರು ಬೇಡ ಸರ್. ಕೊರಳಲ್ಲಿ ಅರಿಶಿನದ ಕೊಂಬು ಇರೋ ಪೇಷಂಟ್ ಇದಾರಾ ಅಂತ ಕೇಳೋಣ. ಹೆಸರು ಬದಲಾಯಿಸಬಹುದು. ಅದನ್ನ ಬಿಚ್ಚೋಕೆ ಯಾವ ಹೆಂಗಸಿಗೂ ಕೈ ಬರಲ್ಲ."

ಠಾಣೆಯಲ್ಲಿ ನಾಲ್ವರು ಕೂತು ಬಾಣಸವಾಡಿ, ಸಿ.ವಿ. ರಾಮನ್ ನಗರ, ಕಗ್ಗದಾಸಪುರದ ಸಣ್ಣಪುಟ್ಟ ನರ್ಸಿಂಗ್ ಹೋಮುಗಳಿಗೆಲ್ಲ ಫೋನು ಹಚ್ಚಿದರು. ಕೆಲವರು ನಕ್ಕರು. ಒಬ್ಬ ರಿಸೆಪ್ಷನಿಸ್ಟು ಇದು ತಮಾಷೆಯೇ ಎಂದು ರೇಗಿದಳು. 3.05ಕ್ಕೆ ಕಗ್ಗದಾಸಪುರದ ಇಪ್ಪತ್ತು ಹಾಸಿಗೆಯ 'ನರ್ಸಿಂಗ್ ಹೋಮ್' ಒಂದರಿಂದ ನರ್ಸೊಬ್ಬಳು, "ಇದಾರೆ ಮೇಡಂ," ಎಂದಳು. "ಪ್ರಿಯದರ್ಶಿನಿ ಅಂತ. ಮನೆ ಮೆಟ್ಟಿಲಿಂದ ಬಿದ್ದಿದ್ದು. ತಂಗಿ ಜೊತೆಗಿದಾರೆ. ಒಂದ್ ಗಂಟೆ ಹೊತ್ತಿಂದ ಬಿಟ್ಟು ಬಿಟ್ಟು ಫಿಟ್ಸ್ ಬರ್ತಿದೆ, ಡಾಕ್ಟ್ರು ಒಳಗಿದಾರೆ."

ಸುಗತ, ಜಯಮಾಲಾ, ಆದಿಲ್ ಮೂವರೂ ಜೀಪಿಗೆ ಓಡಿದರು. ಕಿರಣಕುಮಾರ ಅವರಿಗಿಂತ ಮೊದಲು ಹತ್ತಿ ಕೂತಿದ್ದ.

3.35ಕ್ಕೆ ಅವರು ಮೊದಲ ಮಹಡಿಗೆ ಹತ್ತಿದಾಗ ವಾರ್ಡಿನ ಬಾಗಿಲಲ್ಲಿ ನೀಲಿ ಸೀರೆಯ ಹೆಂಗಸೊಬ್ಬಳು ಗೋಡೆಗೆ ಒರಗಿ ನಿಂತಿದ್ದಳು. ಕಾಲಲ್ಲಿ ಹವಾಯಿ ಚಪ್ಪಲಿ. ಖಾಕಿ ಕಂಡು ಅವಳ ಮುಖದಲ್ಲಿ ಹೆದರಿಕೆಗಿಂತ ಮೊದಲು ಬಂದದ್ದು ನಿರಾಳ. ಜಯಮಾಲಾ ಅದನ್ನು ಗಮನಿಸಿದಳು.

"ಒಳಗಿರೋ ಪೇಷಂಟ್ ಹೆಸರೇನು?"

"ಪ್ರಿಯದರ್ಶಿನಿ."

"ನಿನ್ ಹೆಸರು?"

ಅವಳು ವಾರ್ಡಿನ ಒಳಗಡೆ ನೋಡಿದಳು.

"ನಿನ್ ಹೆಸರು ಕೇಳಿದ್ದು."

"ನಾನೇ ಮೇಡಂ," ಎಂದಳು ಅವಳು. "ನಾನೇ ಪ್ರಿಯದರ್ಶಿನಿ. ಕೌಂಟರಲ್ಲಿ ಆಧಾರ್ ಕೇಳಿದ್ರು. ಕೈಲಿದ್ದಿದ್ದು ನಂದೊಂದೇ."

ಆಧಾರ್ ಕಾರ್ಡಿನ ಫೋಟೋ ಯಾರನ್ನೂ ಹೋಲುವುದಿಲ್ಲ. ಹಾಗಾಗಿ ಎಲ್ಲರನ್ನೂ ಹೋಲುತ್ತದೆ. ಕೌಂಟರಿನವರು ಎರಡನೇ ಸಲ ನೋಡಿರಲಿಲ್ಲ.

ಒಳಗೆ ಕಿರಣಕುಮಾರ ಮಂಚದ ಹತ್ತಿರ ಹೋಗಲಾರದೆ ಮೂರು ಹೆಜ್ಜೆ ದೂರ ನಿಂತುಬಿಟ್ಟಿದ್ದ. ನಾಗರತ್ನಾಳ ತಲೆಗೆ ದಪ್ಪ ಬ್ಯಾಂಡೇಜು, ಬಲಗಾಲಿಗೆ ಪಟ್ಟಿ, ತುಟಿಯ ಅಂಚಿನಲ್ಲಿ ನೊರೆ. ಕೊರಳಿನ ಹಳದಿ ದಾರ ಬೆವರಿಗೆ ಅಂಟಿಕೊಂಡಿತ್ತು. ಡಾಕ್ಟರು ತಲೆಯೊಳಗೆ ರಕ್ತಸ್ರಾವವಾಗಿರಬೇಕೆಂದು ತಿಳಿದು ದೊಡ್ಡ ಆಸ್ಪತ್ರೆಗೆ ಸಾಗಿಸಲು ಒಪ್ಪಿಗೆ ಕೇಳುತ್ತಿದ್ದರು. 'ತಂಗಿ' ಸಹಿ ಹಾಕಲು ಹೆದರಿ ಒಂದು ಗಂಟೆಯಿಂದ ಬಾಗಿಲಲ್ಲೇ ನಿಂತಿದ್ದಳು.

"ಈ ಮಾತ್ರೆ ಸರ್, ಎರಡು ಹೊತ್ತು ತಪ್ಪ್ಯಾದ!" ಕಿರಣಕುಮಾರ ಪಟ್ಟಿಯನ್ನು ಡಾಕ್ಟರ ಕೈಗೆ ತುರುಕಿದ.

ಡಾಕ್ಟರು ಹೆಸರು ಓದಿ ನರ್ಸಿನ ಕಡೆ ತಿರುಗಿದರು. "ಯಾವ ಕಾಯಿಲೆನೂ ಇಲ್ಲ ಅಂತ ಬರೆದಿದೆಯಲ್ಲ ಫೈಲಲ್ಲಿ?"

"ತಂಗಿ ಹಾಗೇ ಹೇಳಿದ್ರು ಡಾಕ್ಟ್ರೇ," ಎಂದಳು ನರ್ಸು. "ನಿನ್ನೆ ಸಂಜೆ ಪೇಷಂಟು ನನ್ ಹೆಸರು ನಾಗರತ್ನಾ, ಮಾತ್ರೆ ಬೇಕು ಮಾತ್ರೆ ಬೇಕು ಅಂತಿದ್ರು. ತಲೆಗೆ ಪೆಟ್ಟಾಗಿದೆ, ಏನೇನೋ ಮಾತಾಡ್ತಿದಾರೆ ಅಂತ... ನಾನು ನೋವಿನ ಮಾತ್ರೆ ಕೊಟ್ಟೆ."

ಸಂಜೆಯಿಡೀ ಒಬ್ಬ ಹೆಂಗಸು ತನ್ನ ಹೆಸರನ್ನು ತಾನೇ ಕೂಗಿ ಹೇಳಿದ್ದಳು, ಯಾರೂ ಕೇಳಿಸಿಕೊಂಡಿರಲಿಲ್ಲ. ಮುಂದಿನ ಅರ್ಧ ಗಂಟೆ ಪೊಲೀಸರಿಗೆ ಅಲ್ಲಿ ಕೆಲಸವಿರಲಿಲ್ಲ. ಅದೇ ಔಷಧಿಯನ್ನು ನರಕ್ಕೆ ಹಾಕಿದರು. ಸುಗತ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗಿದ. 4.10ಕ್ಕೆ ಅವಳ ಕೈಕಾಲಿನ ಸೆಳೆತ ನಿಂತಿತು. 4.30ಕ್ಕೆ ಆಂಬುಲೆನ್ಸು ಹೊರಟಿತು. ಗಂಡ ಅವಳ ಪಕ್ಕದಲ್ಲಿದ್ದ.

ಜಯಮಾಲಾ ಪ್ರಿಯದರ್ಶಿನಿಯನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದಳು.

"ಕಾರು ಯಾರದ್ದು?"

"ಯಜಮಾನ್ರದ್ದು. ಇಂದಿರಾನಗರ. ನಮ್ಮನೆಯವ್ರು ಅಲ್ಲಿ ಡ್ರೈವರು, ದುರ್ಗೇಶ ಅಂತ. ಔಟ್‌ಹೌಸಲ್ಲೇ ನಮ್ಮ ಮನೆ."

"ಯಜಮಾನ್ರು ಎಲ್ಲಿ?"

"ಫಾರಿನ್‌ಗೆ ಹೋಗಿದಾರೆ. ಶುಕ್ರವಾರ ಹೋದ್ರು."

"ಗಾಡಿ ತಗೊಂಡ್ ಹೋಗೋಕೆ ಹೇಳಿದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ನಮ್ಮನೆಯವ್ರು ಇವಳನ್ನ ದಾರೀಲಿ ಇಳಿಸ್ಬಿಡೋಣ ಅಂದ್ರು ಮೇಡಂ. ನಾನು ಇಳಿಸೋದಾದ್ರೆ ನನ್ನನ್ನೂ ಇಳಿಸು ಅಂದೆ. ಮೊದ್ಲು ಇಲ್ಲೇ ಬಾಡಿಗೆಗಿದ್ವಿ, ಈ ಆಸ್ಪತ್ರೆ ಗೊತ್ತಿತ್ತು. ಪರ್ಸು ರೋಡಲ್ಲೇ ಬಿದ್ದೋಯ್ತು ಅಂದ್ರು ಇವ್ರು. ಯಾರ ಮನೆ ಮಗಳೋ ಅಂತ ನಾನು..." ಮುಂದಿನ ಮಾತು ಅಳುವಿನಲ್ಲಿ ಹೋಯಿತು.

5.20ಕ್ಕೆ ಇಂದಿರಾನಗರದ ಆ ಮನೆಯ ಶೆಡ್ಡಿನಲ್ಲಿ ದುರ್ಗೇಶ ಕಾರಿನ ಮುಂದಿನ ದೀಪದ ಮುಂದೆ ಕುಕ್ಕರಿಸಿದ್ದ. ದೀಪದ ಗಾಜು ಬಿರುಕು ಬಿಟ್ಟಿತ್ತು. ಅದನ್ನು ಒಂದೇ ಸಮನೆ ಒರೆಸುತ್ತಿದ್ದ, ಒರೆಸಿದರೆ ಬಿರುಕು ಹೋಗುತ್ತದೆ ಎಂಬಂತೆ. ಓಡಲಿಲ್ಲ, ವಾದಿಸಲಿಲ್ಲ. ಪಂಚರ ಎದುರು ಡಿಕ್ಕಿ ತೆಗೆಸಿದಾಗ ಸ್ಟೆಪ್ನಿಯ ಕೆಳಗೆ ನಾಗರತ್ನಾಳ ಪರ್ಸು, ಆಫ್ ಮಾಡಿದ ಮೊಬೈಲು, ಮಂಜೂರ್ ಕೊಟ್ಟ ಚೀಟಿ ಸಿಕ್ಕವು. ಪರ್ಸಿನ ಒಳಖಾನೆಯಲ್ಲಿ ಒಂದು ಕಾಗದವೂ ಇತ್ತು. ಅವಳ ಹೆಸರು, ಕಾಯಿಲೆ, ಮಾತ್ರೆ, ಗಂಡನ ನಂಬರು, ಎಲ್ಲ ದುಂಡಗಿನ ಅಕ್ಷರದಲ್ಲಿ. ಸುಗತ ಅದನ್ನು ಓದಿ ದುರ್ಗೇಶನ ಮುಖಕ್ಕೆ ಹಿಡಿದ.

"ಇದನ್ನ ನೋಡಿದ್ಯಾ?"

"ಅವರ ಕೈಲಿದ್ದ ಫೋನ್ ಆಫ್ ಮಾಡಿದ್ದಷ್ಟೇ. ಪರ್ಸು ತೆಗೆದೇ ನೋಡಿಲ್ಲ ಸಾರ್. ಮುಟ್ಟೋಕೆ ಭಯ ಆಯ್ತು."

5.45ಕ್ಕೆ ಅವನನ್ನು ಬಂಧಿಸಲಾಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನ ಹೇಳಿಕೆ ಬರೆಸಲು ಸುಗತ ಕೂತ. ಅಷ್ಟರಲ್ಲಿ ಆಸ್ಪತ್ರೆಯಿಂದ ಜಯಮಾಲಾ ಫೋನು ಮಾಡಿದ್ದಳು. ನಾಗರತ್ನಾ ಎಂಟು ಗಂಟೆಗೆ ಕಣ್ಣು ಬಿಟ್ಟಿದ್ದಾಳೆ, ಗಂಡನ ಗುರುತು ಹಿಡಿದಿದ್ದಾಳೆ, ಎದ್ದದ್ದೇ ಊಟ ಮಾಡಿದಿರಾ ಎಂದು ಕೇಳಿ ಅವನನ್ನು ಅಳಿಸಿದ್ದಾಳೆ. ತಲೆಯ ಸ್ಕ್ಯಾನಿನಲ್ಲಿ ಭಯಪಡುವಂಥದ್ದಿಲ್ಲ. ಭೀಮಬಾಯಿ ಜೋಳದ ಗಂಜಿ ಮಾಡಿಕೊಂಡು ಬಂದು ವಾರ್ಡಿನವರ ಜೊತೆ ಜಗಳ ಆಡುತ್ತಿದ್ದಾಳೆ. ಇಷ್ಟು ಕೇಳಿ ಸುಗತ ಎರಡು ದಿನದಲ್ಲಿ ಮೊದಲ ಸಲ ಟೀಯನ್ನು ಬಿಸಿಯಿರುವಾಗಲೇ ಕುಡಿದ.

"ಆ ಅಮ್ಮ ಉಳಿದ್ರಾ ಸಾರ್?" ದುರ್ಗೇಶ ಕೇಳಿದ ಮೊದಲ ಮಾತು ಅದೇ.

"ಉಳಿದ್ರು. ನೀನು ಮಾಡಿದ್ದಕ್ಕೆ ಇನ್ನೆರಡು ಗಂಟೆ ಹೋಗಿದ್ರೆ ಉಳೀತಿರ್ಲಿಲ್ಲ. ಹೇಳು. ಗಾಡಿ ಯಾಕೆ ತೆಗೆದೆ?"

"ಗುರುವಾರಕ್ಕೆ ನಮ್ಮ ಮದ್ವೆ ಆಗಿ ಹತ್ತು ವರ್ಷ. ಅವತ್ತು ಡ್ಯೂಟಿ ಇತ್ತು. ಶುಕ್ರವಾರ ಯಜಮಾನ್ರನ್ನ ಏರ್‌ಪೋರ್ಟಿಗೆ ಬಿಟ್ಟೆ. ಶನಿವಾರ ಅವಳನ್ನ ಕರ್ಕೊಂಡು ಹೊರಟೆ. ಕಬ್ಬನ್ ಪಾರ್ಕ್, ಕಮರ್ಷಿಯಲ್ ಸ್ಟ್ರೀಟ್, ಅಷ್ಟೇ ಸಾರ್. ಹತ್ತು ವರ್ಷ ಬೇರೆಯವರ ಹೆಂಡ್ತಿಗೆ ಡೋರ್ ತೆಗ್ದಿದೀನಿ. ಒಂದ್ ದಿನ ನನ್ ಹೆಂಡ್ತಿಗೆ ತೆಗೆಯೋಣ ಅಂತ. ಮುಂದೆ ಕೂತ್ಕೋತೀನಿ ಅಂದ್ಲು. ಬೇಡ, ಹಿಂದೆ ಕೂತ್ಕೋ, ಮೇಡಂ ಥರ ಅಂದೆ."

"ಆಮೇಲೆ?"

"ಅವಳಿಗೆ ನಗು ತಡೆಯೋಕಾಗ್ಲಿಲ್ಲ. ಲೆಫ್ಟ್ ಹೋಗು, ರೈಟ್ ಹೋಗು ಅಂತ ನನಗೆ ಆರ್ಡರ್ ಮಾಡ್ತಾ ನಗ್ತಿದ್ಲು. ಅವಳು ಹಾಗೆ ನಕ್ಕಿದ್ದು ನೋಡಿ ಎಷ್ಟು ವರ್ಷ ಆಗಿತ್ತೋ. ನಾನು ಕನ್ನಡಿಯಲ್ಲಿ ಅವಳನ್ನೇ ನೋಡ್ತಿದ್ದೆ ಸಾರ್. ರೋಡ್ ನೋಡ್ಲಿಲ್ಲ."

ಬರೆಯುತ್ತಿದ್ದ ಆದಿಲ್ ತಲೆಯೆತ್ತದೆ ಬರೆದ. ಕೆಲಸ ಹೋದರೆ ಅದೇ ದಿನ ಮನೆಯೂ ಹೋಗುತ್ತದೆ, ಹಿಂದಿನ ಡ್ರೈವರು ಹೀಗೇ ಗಾಡಿ ತೆಗೆದು ಸಾಮಾನು ಸಮೇತ ಬೀದಿಗೆ ಬಿದ್ದಿದ್ದ, ಯಜಮಾನರು ಬರುವುದರೊಳಗೆ ಗಾಜು ಹಾಕಿಸಿ, ಆ ಹೆಂಗಸು ಎದ್ದು ಕೂತರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ ಎಂದೆಲ್ಲ ದುರ್ಗೇಶ ಹೇಳಿದ. ಅಜಾಗರೂಕ ಚಾಲನೆ, ಸಾಕ್ಷ್ಯ ಮುಚ್ಚಿಟ್ಟದ್ದು, ಸುಳ್ಳು ಹೆಸರಿನಲ್ಲಿ ದಾಖಲು ಮಾಡಿದ್ದು, ಹೀಗೆ ಕಲಮುಗಳು ಒಂದರ ಕೆಳಗೊಂದು ಸೇರಿದವು. ಮೊದಲನೇ ಆರೋಪಿ ದುರ್ಗೇಶ. ಎರಡನೇ ಆರೋಪಿ ಪ್ರಿಯದರ್ಶಿನಿ. ಕೌಂಟರಿನಲ್ಲಿ ಆಧಾರ್ ಕೊಟ್ಟವಳು, ಕಾಯಿಲೆಯಿಲ್ಲ ಎಂದವಳು ಅವಳೇ. ಬಿಡಲು ಕಾನೂನಿನಲ್ಲಿ ದಾರಿಯಿರಲಿಲ್ಲ.

ಆದಿಲ್ ಹೇಳಿಕೆಯನ್ನು ಓದಿ ಹೇಳಿದ. ಎರಡನೇ ಆರೋಪಿಯ ಹೆಸರು ಬಂದಾಗ ದುರ್ಗೇಶ ಕೈ ಎತ್ತಿದ.

"ಅದು ತಪ್ಪು ಸಾರ್. ಅವಳು ಶನಿವಾರ ಸಂಜೇನೇ ಪೊಲೀಸಿಗೆ ಹೇಳೋಣ ಅಂದಿದ್ಲು. ನಾನೇ ಹೊಡೆದು ಫೋನ್ ಕಿತ್ಕೊಂಡೆ. ಅವಳನ್ನ ಹೆದರಿಸಿ ಕೂರಿಸಿದ್ದೆ. ಹಾಗೆ ಬರೀರಿ."

ಸುಗತ ಹಾಳೆ ಕೆಳಗಿಟ್ಟ. "ಫೋನ್ ಅವಳ ಕೈಯಲ್ಲೇ ಇತ್ತು ದುರ್ಗೇಶ. ನಿನ್ನೆ ಜಯಮಾಲಾ ಅವಳ ಕೈಯಿಂದಾನೇ ತಗೊಂಡಿದ್ದು. ಪಂಚನಾಮೆಯಲ್ಲಿದೆ. ಮೈಮೇಲೆ ಏಟಿನ ಗುರುತೂ ಇಲ್ಲ."

ದುರ್ಗೇಶ ಎತ್ತಿದ ಕೈ ಇಳಿಸಿದ.

"ಹಾಗಾದ್ರೆ ನಂಗೆ ಗೊತ್ತಾಗಲ್ಲ ಸಾರ್," ಎಂದ. "ಏನ್ ಬರೆದ್ರೆ ಅವಳು ಉಳೀತಾಳೋ ನೀವೇ ಹೇಳಿ. ನಾನು ಅದನ್ನೇ ಮಾಡಿದೀನಿ."

ಸುಗತ ಪೆನ್ನನ್ನು ಅವನ ಕಡೆ ಸರಿಸಿ, ಬರೆದಿದ್ದ ಹೇಳಿಕೆಗೇ ಸಹಿ ಹಾಕಲು ಹೇಳಿದ.